ಡಬ್ಬಿ ಹುಡುಕಲು ಹೋದವರು

ನಮ್ಮ ಭಾಗದಲ್ಲಿ ‘ನಿಧಿ’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಹಂಪಿ, ಆನೆಗೊಂದಿ, ಕಂಪ್ಲಿ, ಸಂಡೂರಿನ ಸುತ್ತಮುತ್ತ ಪಾಳುಗುಡಿಯ ನೆಲ ಅಗೆದವರ, ವಿಗ್ರಹದ ಪೀಠ ಕಿತ್ತವರ ಸುದ್ದಿ ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ವಿಜಯನಗರದ ಅರಸರು ಬಂಗಾರ ಹೂತಿಟ್ಟು ಹೋದರೆಂಬ ಆಸೆ ಇನ್ನೂ ಸತ್ತಿಲ್ಲ. ಹಾಗಾಗಿ ಸಂಜೆ ಹೊತ್ತಿನಲ್ಲಿ ಅಪರಿಚಿತರು ಬಂಡೆಗಳ ನಡುವೆ ಬಗ್ಗಿ ಏನನ್ನೋ ಹುಡುಕುತ್ತಿದ್ದರೆ ಜನರಿಗೆ ಬರುವ ಅನುಮಾನ ಒಂದೇ. ಕಳೆದ ಮಳೆಗಾಲದಲ್ಲಿ ಆ ಅನುಮಾನಕ್ಕೆ ಗುರಿಯಾದವರಲ್ಲಿ ನಾನೂ ಒಬ್ಬ.

ನನ್ನ ತಂಗಿಯ ಸಂಸಾರ ದಮ್ಮಾಮಿನಲ್ಲಿದೆ. ಅವಳ ಮಗನಿಗೆ ಹದಿಮೂರು ವರ್ಷ. ಶಾಲೆಯ ರಜೆಗೆ ವಡ್ಡುವಿನ ನಮ್ಮ ಮನೆಗೆ ಬಂದವನು ಎರಡನೆಯ ದಿನವೇ ಕೇಳಿದ, “ಮಾಮು, ಇಲ್ಲಿ ಯಾರಾದರೂ ಕ್ಯಾಶ್ ಇಟ್ಟಿದ್ದಾರಾ?” ದುಡ್ಡಿನ ವಿಷಯ ಎಂದುಕೊಂಡು ನಾನು ಜೇಬು ಮುಟ್ಟಿ ನೋಡಿಕೊಂಡೆ. ಅವನು ನಕ್ಕು ವಿವರಿಸಿದ. ಅವನು ಹೇಳಿದ್ದು ಜಿಯೋಕ್ಯಾಚಿಂಗ್ ಎಂಬ ಹವ್ಯಾಸದ ಬಗ್ಗೆ. ಒಬ್ಬರು ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ, ಪೆನ್ಸಿಲು, ಒಂದೆರಡು ಆಟಿಕೆ ಹಾಕಿ ಎಲ್ಲೋ ಮರೆಯಲ್ಲಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಎಲ್ಲರಿಗೂ ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕಿದರೆ ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಬೇಕು. ಒಳಗಿನ ವಸ್ತು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಡಬ್ಬಿಯನ್ನು ಇದ್ದಲ್ಲಿಯೇ ಬಿಟ್ಟು ಬರಬೇಕು. ಅಷ್ಟೇ ಆಟ.

ಈ ಆಟ ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಸೇನೆಯ ಉಪಗ್ರಹಗಳು ಜನಸಾಮಾನ್ಯರಿಗೆ ಕೊಡುತ್ತಿದ್ದ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಅದರಿಂದ ಸುಮಾರು ನೂರು ಮೀಟರಿನಷ್ಟು ಎಡವಟ್ಟಾಗುತ್ತಿತ್ತು. 2000ದ ಮೇ 2ರಂದು ಆ ಬೆರಕೆಯನ್ನು ನಿಲ್ಲಿಸಿದರು. ಮರುದಿನವೇ ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಸಂಖ್ಯೆಗಳನ್ನು ಪ್ರಕಟಿಸಿದರು. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿಬಿಟ್ಟರು. ಇಂದು ಲೋಕದಾದ್ಯಂತ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚಿವೆ.

ಸಂಖ್ಯೆಯಿಂದ ಜಾಗ ಹುಡುಕುವುದು ನಮಗೆ ಹೊಸದಲ್ಲ. ಇದೇ ಹುಡುಗನ ಫೋನು ನಮಾಝಿನ ಹೊತ್ತಿಗೆ ಕಿಬ್ಲಾ ತೋರಿಸುತ್ತದೆ. ನಮ್ಮೂರಿನಿಂದ ಅದು ಪಶ್ಚಿಮಕ್ಕೆ, ಕೊಂಚ ಉತ್ತರಕ್ಕೆ ವಾಲಿದಂತೆ. ಸಾವಿರ ವರ್ಷದ ಹಿಂದೆ ಅಲ್‌ಬಿರೂನಿ ಘಜ್ನಿಯಿಂದ ಮಕ್ಕಾದ ದಿಕ್ಕನ್ನು ಕಂಡುಕೊಳ್ಳಲೆಂದು ಊರೂರುಗಳ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕಿ ಒಂದು ಗ್ರಂಥವನ್ನೇ ಬರೆದರು. ಇದನ್ನು ಕೇಳಿ ಹುಡುಗನ ಹುಮ್ಮಸ್ಸು ಇಮ್ಮಡಿಯಾಯಿತು. “ಹಾಗಾದರೆ ನಾವೇ ಒಂದು ಇಡೋಣ ಮಾಮು” ಎಂದ. ಹಂಪಿಯಲ್ಲಿ ಇಡೋಣವೆಂದು ಅವನ ಆಸೆ. ನಾನು ಒಪ್ಪಲಿಲ್ಲ. 1986ರಿಂದ ಅದು ವಿಶ್ವ ಪರಂಪರೆಯ ತಾಣ. ಸ್ಮಾರಕದ ಸಂದಿಯಲ್ಲಿ ಡಬ್ಬಿ ತುರುಕುವುದು ತಪ್ಪು. ಅದರ ಮೇಲೆ, ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬಾಂಬಿನ ಶಂಕೆ ಪಡುವ ಕಾಲವಿದು.

ಇಷ್ಟೆಲ್ಲ ಬುದ್ಧಿ ಹೇಳಿದ ನಾನೇ ಮುಂದೆ ತಪ್ಪು ಮಾಡಿದೆ. ಊರಿನಿಂದ ಎರಡು ಮೈಲಿ ಆಚೆಯ ಕಲ್ಲುಗುಡ್ಡಕ್ಕೆ ಬೈಕಿನಲ್ಲಿ ಕರೆದೊಯ್ದೆ. ಹಳೆಯ ಸ್ಟೀಲಿನ ಊಟದ ಡಬ್ಬಿಯಲ್ಲಿ ನೋಟ್‌ಬುಕ್ಕು, ಪೆನ್ಸಿಲು, ಅವನು ದಮ್ಮಾಮಿನಿಂದ ತಂದ ಆಟಿಕೆಯ ಒಂಟೆ, ನಾಲ್ಕು ಚಾಕಲೇಟು ಹಾಕಿದ್ದೆವು. ಮಳೆ ನೀರು ತಾಗದಿರಲಿ ಎಂದು ಎರಡು ಬಂಡೆಗಳ ನಡುವಿನ ಆಳವಾದ ಬಿರುಕನ್ನು ಆರಿಸಿದವನು ನಾನೇ. ಯಾರನ್ನೂ ಕೇಳಲಿಲ್ಲ. ಕೇಳಲು ಅಲ್ಲಿ ಯಾರೂ ಇಲ್ಲ ಎಂದೇ ನನ್ನ ಎಣಿಕೆಯಾಗಿತ್ತು. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿ ಹನ್ನೆರಡು ವರ್ಷವಾದರೂ ಆ ಗುಡ್ಡದ ಹೆಸರು ನನಗೆ ಗೊತ್ತಿರಲಿಲ್ಲ.

ಮೂರು ದಿನ ಬಿಟ್ಟು ನನ್ನ ಮಗಳಿಗೆ ಹುಡುಕುವ ಆಟ ತೋರಿಸಲೆಂದು ಮೂವರೂ ಹೋದೆವು. ಡಬ್ಬಿ ಇರಲಿಲ್ಲ. ಬಂಡೆಗಳ ಸಂದಿನಲ್ಲಿ ಜಿಪಿಎಸ್ ಹತ್ತಿಪ್ಪತ್ತು ಹೆಜ್ಜೆ ತಪ್ಪು ತೋರಿಸುವುದುಂಟೆಂದು ಸುತ್ತಮುತ್ತ ಬಗ್ಗಿ ಬಗ್ಗಿ ನೋಡತೊಡಗಿದೆವು. ಹೊತ್ತು ಮುಳುಗುತ್ತಿತ್ತು.

“ಏನ್ ಹುಡುಕಾಕತ್ತೀರಿ?”

ತಿರುಗಿ ನೋಡಿದರೆ ನಾಲ್ವರು ಗಂಡಸರು. ಕೈಯಲ್ಲಿ ಕೋಲುಗಳಿದ್ದವು. ಅವು ಕುರಿ ಕಾಯುವ ಕೋಲುಗಳೇ ಇರಬಹುದು, ಆದರೆ ಆ ಗಳಿಗೆಯಲ್ಲಿ ನನಗೆ ಹಾಗನ್ನಿಸಲಿಲ್ಲ. ನನ್ನ ಗಡ್ಡ, ಹುಡುಗನ ತಲೆಯ ಟೋಪಿ, ಕೈಯಲ್ಲಿ ಬೆಳಗುವ ಫೋನು, ಪಾಳು ಗುಡ್ಡ, ಕವಿಯುವ ಕತ್ತಲೆ. ಈ ದಿನಮಾನದಲ್ಲಿ ಇಷ್ಟು ಸೇರಿದರೆ ಏನು ಬೇಕಾದರೂ ಆಗಬಹುದೆಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಗಳು ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಡಬ್ಬಿ” ಎಂದೆ. ಬಾಯಿಗೆ ಬೇರೆ ಮಾತೇ ಬರಲಿಲ್ಲ.

ಅವರಲ್ಲಿ ಹಿರಿಯ, ಎಪ್ಪತ್ತರ ಆಸುಪಾಸಿನ ಕುರಿಗಾಹಿ, ಕಂಬಳಿಯ ಮಡಿಕೆಯಿಂದ ನಮ್ಮ ಡಬ್ಬಿಯನ್ನು ಹೊರತೆಗೆದ. “ಇದು ನಿಮ್ದೇನ್ ಸಾಬ್ರೆ? ಇದನ್ನ ಇಟ್ಟವ್ರು ಯಾರಂತ ಮೂರು ದಿನದಿಂದ ಕಾಯಾಕತ್ತೀನಿ.”

ನಾನು ಎಲ್ಲವನ್ನೂ ಹೇಳಿದೆ. ನಿಧಿಯಲ್ಲ, ಮಕ್ಕಳ ಆಟವೆಂದೆ. ಉಳಿದವರ ಮುಖ ಸಡಿಲವಾಯಿತು, ಒಬ್ಬ ನಕ್ಕೂಬಿಟ್ಟ. ಹಿರಿಯ ಮಾತ್ರ ನಗಲಿಲ್ಲ. ನಮ್ಮನ್ನು ಆ ಬಿರುಕಿನ ಬಳಿಗೆ ಕರೆದೊಯ್ದು, ಬ್ಯಾಟರಿ ಬಿಟ್ಟು, ಕೋಲಿನಿಂದ ಒಳಗೆ ತೋರಿಸಿದ. ಹಾವು ಬಿಟ್ಟ ಪೊರೆ ಅಲ್ಲಿತ್ತು.

“ಕೊಳಕುಮಂಡಲ ಐತಿ ಇದ್ರಾಗ. ಬಿಸಿಲಿಗೆ ನಿಮ್ ಡಬ್ಬಿ ಮಿಂಚ್ತಿತ್ತು. ನನ್ ಮೊಮ್ಮಗ ಕೈ ಹಾಕಾಕ ಹೋಗಿದ್ದ. ಕೂಗಿ ನಿಲ್ಲಿಸ್ದೆ. ನಿಮ್ ಹುಡುಗ ನಿಮಗೆಷ್ಟೋ, ನನ್ ಹುಡುಗ ನನಗೂ ಅಷ್ಟೇ ಅಲ್ಲೇನ್ ಸಾಬ್ರೆ?”

ಕೋಲುಗಳನ್ನು ಕಂಡಾಗ ಆಗದ ನಡುಕ ಆ ಮಾತಿಗೆ ಆಯಿತು. ಅಷ್ಟು ಹೊತ್ತು ನಾನು ನಮ್ಮ ಸುರಕ್ಷತೆಯ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ದಾರಿಯಲ್ಲಿ ಬಿದ್ದ ಮುಳ್ಳು, ಕಲ್ಲನ್ನು ಸರಿಸುವುದೂ ಈಮಾನಿನ ಒಂದು ಭಾಗವೆಂದು ಪ್ರವಾದಿಯವರು (ಸ) ಕಲಿಸಿದ್ದನ್ನು ಎಷ್ಟು ಸಲ ಕೇಳಿಲ್ಲ! ಅಂಥವನು ಪರರ ಮಗುವಿನ ದಾರಿಯಲ್ಲಿ ಹೊಳೆಯುವ ಆಪತ್ತೊಂದನ್ನು ನನ್ನ ಕೈಯಾರೆ ಇಟ್ಟು ಬಂದಿದ್ದೆ. ನಮಗೆ ಕಾಡು, ಗುಡ್ಡ ಎನ್ನಿಸುವುದು ಇನ್ನೊಬ್ಬರ ಅಂಗಳ. ಅಂಗಳಕ್ಕೆ ಕಾಲಿಡುವ ಮುನ್ನ ಸಲಾಮ್ ಹೇಳಿ ಅನುಮತಿ ಪಡೆಯಬೇಕೆಂಬ ಪಾಠ ನಮ್ಮಲ್ಲಿಲ್ಲವೇ?

ಆಮೇಲೆ ವಿಚಾರಿಸಿದರೆ ಆ ಆಟದ ನಿಯಮಗಳಲ್ಲಿಯೂ ಇದೇ ಇತ್ತು. ಜಾಗದ ಒಡೆಯರ ಒಪ್ಪಿಗೆ ಬೇಕು. ನೆಲ ಅಗೆದು ಹೂಳಬಾರದು. ಇಟ್ಟವರು ಮುಂದೆಯೂ ಬಂದು ನೋಡಿಕೊಳ್ಳುವಂತಿರಬೇಕು, ರಜೆಗೆ ಬಂದು ಇಟ್ಟು ಹೋಗುವಂತಿಲ್ಲ. ಹುಡುಕಲು ಹೋದವರು ಬರುವಾಗ ಕಸ ಹೆಕ್ಕಿ ತರಬೇಕೆಂಬ ಪದ್ಧತಿಯನ್ನೂ 2002ರಿಂದ ಬೆಳೆಸಿದ್ದಾರೆ. ಹುಡುಗ ಇದನ್ನೆಲ್ಲ ಓದಿದ್ದ. ಅವಸರ ನನ್ನದಾಗಿತ್ತು.

ಮರುದಿನ ಬೆಳಿಗ್ಗೆ ಆ ಹಿರಿಯರನ್ನು ಹುಡುಕಿಕೊಂಡು ಹೋಗಿ ಚಹಾ ಕುಡಿಯುತ್ತ ಕೂತೆವು. ತಾತ ಹೇಳಿದ ಒಂದೊಂದು ಮಾತನ್ನೂ ಹುಡುಗ ಬರೆದುಕೊಂಡ. ಕಾಣದ ಸಂದಿಗೆ ಕೈ ಹಾಕಬೇಡ, ಮೊದಲು ಕೋಲು. ಗವಿಯ ಬಾಯಿಯತ್ತ ಸುಳಿಯಬೇಡ, ಕರಡಿ ಹಗಲು ಅಲ್ಲೇ ಮಲಗಿರುತ್ತದೆ. ನಸುಕು, ಮುಸ್ಸಂಜೆಯಲ್ಲಿ ಗುಡ್ಡ ಬೇಡ. ಹೋಗಲೇಬೇಕಾದರೆ ಜೋರಾಗಿ ಮಾತಾಡುತ್ತ ನಡೆ, ಏಕೆಂದರೆ ಕರಡಿ ಬೆಚ್ಚಿದಾಗಲೇ ಮೇಲೆ ಬೀಳುವುದು. ಇದು ಬರಿ ಹೆದರಿಕೆಯ ಮಾತಲ್ಲ. ದರೋಜಿಯ ಕರಡಿಧಾಮ 1994ರಲ್ಲಿ ಆದದ್ದೇ ಈ ಗುಡ್ಡಗಳ ಕರಡಿಗಳಿಗಾಗಿ, ಮತ್ತು ಕರಡಿಗೆ ಧಾಮದ ಗಡಿ ಗೊತ್ತಿಲ್ಲ.

ಇದಕ್ಕೆ ನಾನು ಸೇರಿಸುವುದು ಸ್ವಲ್ಪ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಮನೆಯಲ್ಲೊಬ್ಬರಿಗೆ ಹೇಳಿ ಹೊರಡಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಓಡಬೇಕು. ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳಲ್ಲಿ ಫೋನಿನ ದಿಕ್ಸೂಚಿಯನ್ನು ಪೂರ್ತಿ ನಂಬಬಾರದು, ಹಳೆಯ ಗಣಿಗುಂಡಿಗಳ ಅಂಚಿಗೆ ಹೋಗಲೇಬಾರದು. ಇನ್ನು ಹೊಳೆ. ಜಲಾಶಯದ ಗೇಟು ತೆರೆದರೆ ತುಂಗಭದ್ರೆಯಲ್ಲಿ ನೀರು ಏರುತ್ತದೆ, ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸೆಳೆತವಿರುತ್ತದೆ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಪ್ರವಾಸಕ್ಕೆ ಬಂದಿದ್ದ ಯುವತಿಯೊಬ್ಬರು ಬಂಡೆಯ ಮೇಲಿಂದ ನೀರಿಗೆ ಜಿಗಿದು ಕೊಚ್ಚಿಹೋದರು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿಯವರು (ಸ) ಹೇಳಿದ್ದು ಇಂಥದ್ದಕ್ಕೇ.

ಡಬ್ಬಿ ಈಗ ತಾತನ ಹೊಲದ ಬದುವಿನಲ್ಲಿರುವ ಬೇವಿನ ಮರದ ಪೊಟರೆಯಲ್ಲಿದೆ. ಜಾಗ ತೋರಿಸಿದವರು ಅವರೇ. ನೋಡಿಕೊಳ್ಳುವ ಹೊಣೆ ನನ್ನದು, ನನಗಿಂತ ಹೆಚ್ಚಾಗಿ ಅವರ ಮೊಮ್ಮಗನದು. ಹುಡುಗ ದಮ್ಮಾಮಿಗೆ ಹೊರಡುವ ಮುನ್ನಾ ದಿನ ಎಲ್ಲರೂ ಹೋಗಿ ಡಬ್ಬಿ ತೆರೆದೆವು. ಚಾಕಲೇಟು ಖಾಲಿಯಾಗಿತ್ತು. ಅದರ ಬದಲಿಗೆ ಒಂದು ಹಿಡಿ ಹುರಿದ ಶೇಂಗಾ ಇತ್ತು. ಪುಸ್ತಕದ ಮೊದಲ ಪುಟದಲ್ಲಿ ಆ ಮೊಮ್ಮಗ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದಿದ್ದ. ಕನ್ನಡ ಓದಲು ಬಾರದ ನನ್ನ ಸೋದರಳಿಯ ಪುಸ್ತಕವನ್ನು ನನ್ನ ಮುಂದೆ ಹಿಡಿದು ಕೇಳಿದ, “ಏನು ಬರೆದಿದ್ದಾನೆ ಮಾಮು? ಒಂದೊಂದೇ ಅಕ್ಷರ ಹೇಳಿ, ನಾನೂ ಬರೆಯುತ್ತೇನೆ.”