ಗುರುತು ಮತ್ತು ಅಪ್ಪಣೆ

ಬಿ.ಎ. ಓದುವವನಿಗೆ ಗಣಕಯಂತ್ರದ ಗೊಡವೆ ಏಕೆಂದು ಮಿತ್ರರು ನಕ್ಕಾರು. ಆದರೆ ಕಳೆದ ಬೇಸಗೆಯ ರಜೆಯಲ್ಲಿ ನಾನು ಕಲಿತ ಪಾಠವೊಂದು ನಮ್ಮಂಥವರಿಗೂ ಸಲ್ಲತಕ್ಕದ್ದೆಂದು ತೋರಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಪಾವಗಡದ ಕಡೆಯ ಕ್ಯಾತಗಾನಚೆರ್ಲು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜಿಗೆ ಅಕ್ಷರ ಬಾರದು. ಕಥೆಗಳಿಗೆ ಮಾತ್ರ ಬರವಿಲ್ಲ. ಹನ್ನೆರಡನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಗೆಳೆಯನಿಂದ ಎರವಲು ತಂದ ಲ್ಯಾಪ್‌ಟಾಪಿಗೆ ಏರಿಸಿದೆ.

ಇದಕ್ಕೆ ಎರಡು ಸಾಧನಗಳನ್ನು ಬಳಸಿದೆ. ಒಂದು ಮಾರ್ಕ್‌ಡೌನ್, 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಗುರುತಿನ ಪದ್ಧತಿ. ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆಯಿಟ್ಟರೆ ಅದು ಶಿರೋನಾಮೆ. ಪದದ ಎರಡು ಬದಿಗೂ ನಕ್ಷತ್ರವಿಟ್ಟರೆ ಓರೆಯಕ್ಷರ. ಗಡಿನಾಡಿನ ಅಜ್ಜಿಯ ಬಾಯಲ್ಲಿ ನಡುನಡುವೆ ಬರುವ ತೆಲುಗು ಮಾತುಗಳಿಗೆ ಹೀಗೆ ನಕ್ಷತ್ರವಿಟ್ಟೆ. ಗುರುತು ಮಾತನ್ನು ಮುಟ್ಟುವುದಿಲ್ಲ. ಇದು ಇಂಥದೆಂದು ತೋರಿಸಿ ಸುಮ್ಮನಾಗುತ್ತದೆ. ಗುರುತಿನ ಸಮೇತವೇ ಓದಿದರೂ ಕಥೆ ಕಥೆಯಾಗಿಯೇ ಇರುತ್ತದೆ.

ಇನ್ನೊಂದು ವಿಮ್‌ಸ್ಕ್ರಿಪ್ಟ್. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್ ಎಂಬ ಬರಹ ತಿದ್ದುವ ತಂತ್ರಾಂಶಕ್ಕೆ ಅಪ್ಪಣೆ ಕೊಡುವ ಭಾಷೆಯಿದು. ಇದರಲ್ಲಿ ಷರತ್ತು ಹಾಕಬಹುದು, ಒಂದೇ ಕೆಲಸವನ್ನು ನೂರು ಸಲ ಮಾಡಿಸಬಹುದು. ಮಾರ್ಕ್‌ಡೌನ್ ಹೇಳುತ್ತದೆ, ಇದು ಮಾಡುತ್ತದೆ.

ಅಜ್ಜಿ ಹಟ್ಟಿಯನ್ನು ‘ಅಟ್ಟಿ’ ಎನ್ನುತ್ತಾಳೆ. ಪದವೀಧರನಾಗಲಿರುವ ನನಗೆ ಅದು ನಾಚಿಕೆಯೆನಿಸಿತು. ಕಡತದ ಆದ್ಯಂತ ‘ಅಟ್ಟಿ’ ಇರುವಲ್ಲೆಲ್ಲ ‘ಹಟ್ಟಿ’ ಮಾಡೆಂದು ಒಂದೇ ಸಾಲಿನ ಅಪ್ಪಣೆ ಕೊಟ್ಟು, ಕಡತವನ್ನು ಉಳಿಸಿ ಮುಚ್ಚಿದೆ. ಸಂಜೆ ಅಜ್ಜಿಗೆ ಓದಿ ಹೇಳತೊಡಗಿದೆ: “ತೋಳ ಕುರೀನ ಹಟ್ಟಿಸ್ಕೊಂಡು ಬಂತು...” ಅಟ್ಟಿಸಿಕೊಂಡು ಬಂದ ತೋಳವನ್ನೂ ನನ್ನ ಅಪ್ಪಣೆ ಬಿಟ್ಟಿರಲಿಲ್ಲ!

ನಾನು ನಕ್ಕೆ, ಅಜ್ಜಿ ನಗಲಿಲ್ಲ. “ಇದ್ಯಾರ್ ಕತೆ ಮಗಾ? ನಾನಂಗಂದ್ನಾ?” ಎಂದಳು. ತೋಳದ ಮಾತಷ್ಟೇ ಆಗಿದ್ದರೆ ತಿದ್ದಿಬಿಡುತ್ತಿದ್ದೆ. ಆದರೆ ನಾನು ಸರಿಪಡಿಸಿದೆನೆಂದು ಹೆಮ್ಮೆಪಟ್ಟಿದ್ದ ‘ಹಟ್ಟಿ’ ಕೂಡ ಅವಳದಾಗಿರಲಿಲ್ಲ.

ದೋಷ ವಿಮ್‌ಸ್ಕ್ರಿಪ್ಟಿನದಲ್ಲ. ಅಪ್ಪಣೆಯ ಕೊನೆಗೆ ‘ಸಿ’ ಎಂಬ ಒಂದು ಇಂಗ್ಲಿಷ್ ಅಕ್ಷರ ಸೇರಿಸಿದ್ದರೆ, ಪ್ರತಿ ಬದಲಾವಣೆಗೂ ಮುನ್ನ ಅದು ನನ್ನ ಒಪ್ಪಿಗೆ ಕೇಳುತ್ತಿತ್ತು. ಯಂತ್ರ ಕೇಳಲು ಸಿದ್ಧವಿತ್ತು. ಅಜ್ಜಿಯನ್ನು ಕೇಳಬೇಕೆಂದು ನನಗೇ ಹೊಳೆದಿರಲಿಲ್ಲ.

ನೋಟುಬುಕ್ಕು ನೋಡಿ ಮತ್ತೆ ‘ಅಟ್ಟಿ’ ಎಂದೇ ಬರೆದೆ. ಈಗ ಆ ಪದಕ್ಕೂ ಎರಡು ಬದಿಯಲ್ಲಿ ನಕ್ಷತ್ರಗಳಿವೆ. ಓದು ಕಲಿತವರಾದ ನಾವು ಹಿರಿಯರ ಮಾತಿಗೆ ಮೊದಲು ಗುರುತಿಡೋಣ. ಅಪ್ಪಣೆಗೆ ಅವಸರ ಬೇಡ.