ಲೆಕ್ಕಕ್ಕೂ ಬೇಕು ರೀಟೇಕ್!

ಸಿನಿಮಾ ಪತ್ರಿಕೆಯಲ್ಲಿ ಕೂಡುವ ಕಳೆಯುವ ಲೆಕ್ಕಕ್ಕೇನು ಕೆಲಸ ಎಂದು ಮೂಗು ಮುರಿಯಬೇಡಿ, ಮಿತ್ರರೇ. ಆರ್.ಕೆ. ನಾರಾಯಣ್ 1935ರಲ್ಲಿ ಹೊರತಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಅಪ್ಪ ಸ್ವಾಮಿಯನ್ನು ಮಾವಿನಹಣ್ಣಿನ ಲೆಕ್ಕಕ್ಕೆ ಕೂರಿಸುತ್ತಾನೆ. ಹತ್ತು ಹಣ್ಣಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆಷ್ಟು? ಹುಡುಗನಿಗೋ ಹಣ್ಣು ಕಳಿತಿದೆಯೋ ಇಲ್ಲವೋ ಎಂಬುದೇ ಚಿಂತೆ! ಈ ಸ್ವಾಮಿಯನ್ನೇ ನಮ್ಮ ಶಂಕರ್‌ನಾಗ್ 1986ರಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ತಂದರು. ಆಗುಂಬೆಯೇ ಮಾಲ್ಗುಡಿಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ. ಸ್ವಾಮಿಯ ಪೇಚಾಟಕ್ಕೆ ನಾವೆಲ್ಲ ನಕ್ಕಿದ್ದೇವೆ. ಆದರೆ ಅವನ ಜಾಗದಲ್ಲಿ ಕೂತ ಮಗುವಿಗೆ ಅದು ನಗುವ ಸಂಗತಿಯೇ?

ನಮ್ಮಕ್ಕನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗಿನ ಮಾತು. ಬೆಳಗಾದರೆ ಅವಳಿಗೆ ಹೊಟ್ಟೆನೋವು. ಭಾನುವಾರ ಮಾತ್ರ ನೋವು ಮಂಗಮಾಯ! ಕೆದಕಿ ಕೇಳಿದರೆ, ಬೋರ್ಡಿನ ಮೇಲೆ ಲೆಕ್ಕ ತಪ್ಪು ಬರೆದಳಂತೆ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತಂತೆ. ಮನೆಯಲ್ಲಿ ಇನ್ನೊಂದು ಏಟು: “ಹಿಂಗೇ ಆದ್ರೆ ನೀನೂ ನಿನ್ನ ಮಾಮನ ಥರ ಅರ್ಧಕ್ಕೇ ಓದು ಬಿಡ್ತೀಯ, ನೋಡ್ತಿರು!”

ನಾನು ಪಿಯುಸಿ ಬಿಟ್ಟದ್ದು ಮನೆಯ ಖರ್ಚು ತೂಗಿಸಲಿಕ್ಕೆ, ಲೆಕ್ಕಕ್ಕೆ ಹೆದರಿ ಅಲ್ಲ. ಆದರೂ ಆ ಮಾತಿಗೆ ಎದೆ ಚುರುಕ್ಕೆಂದಿತು. ನನ್ನ ಹೆಸರು ಹೇಳಿ ಒಂದು ಮಗುವನ್ನು ಹೆದರಿಸುವುದೇ? ಅವತ್ತೇ ಅವಳ ಕೈ ಹಿಡಿದು, ನಾನು ಲೇಖನ ಟೈಪ್ ಮಾಡುವ ಗೆಳೆಯನ ಡಿಟಿಪಿ ಅಂಗಡಿಗೆ ಕರೆದುಕೊಂಡು ಹೋದೆ.

ಅಲ್ಲಿ ಮೂಲೆಯಲ್ಲೊಂದು ಹಳೇ ಕಂಪ್ಯೂಟರು. ಅದಕ್ಕೆ ‘ಟಕ್ಸ್ ಮ್ಯಾತ್’ ಎಂಬ ಆಟ ಹಾಕಿಸಿದೆ. 2001ರಲ್ಲಿ ಬಿಲ್ ಕೆಂಡ್ರಿಕ್ ಎಂಬಾತ ಶುರುಮಾಡಿದ ಆಟ. ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಕತೆ ಬಲು ಸರಳ. ಕೆಳಗೆ ಪೆಂಗ್ವಿನ್‌ಗಳ ಮಂಜಿನ ಮನೆಗಳು. ಆಕಾಶದಿಂದ ಒಂದೊಂದು ಲೆಕ್ಕ ಹೊತ್ತು ಧೂಮಕೇತುಗಳು ಇಳಿಯುತ್ತವೆ. 6 ಕೂಡಿಸು 3 ಎಂದು ಕಂಡರೆ 9 ಒತ್ತಿ ಎಂಟರ್ ಹೊಡೆಯಬೇಕು. ಉತ್ತರ ಸರಿಯಿದ್ದರೆ ಧೂಮಕೇತು ಢಮಾರ್! ತಡವಾಯಿತೋ, ಮನೆ ಕರಗುತ್ತದೆ. ಕ್ಲೈಮ್ಯಾಕ್ಸ್ ಫೈಟಿಗೆ ಇದಕ್ಕಿಂತ ಇನ್ನೇನು ಬೇಕು?

ಇಂಥ ಆಟಗಳು ನಿನ್ನೆ ಮೊನ್ನೆಯವಲ್ಲ. ಅಮೆರಿಕದಲ್ಲಿ ಜಾನ್ ಡೇವಿಡ್‌ಸನ್ ಎಂಬ ಶಿಕ್ಷಕಿಯ ‘ಮ್ಯಾತ್ ಬ್ಲಾಸ್ಟರ್’ 1983ರಲ್ಲೇ ಬಂದಿತ್ತು. 1986ರಲ್ಲಿ ಮಿನ್ನೆಸೋಟದ ಮೆಕ್ ಸಂಸ್ಥೆ ‘ನಂಬರ್ ಮಂಚರ್ಸ್’ ತಂದಿತು. ಅದರಲ್ಲೊಂದು ಹಸಿರು ಪ್ರಾಣಿ. 5ರ ಮಗ್ಗಿ ಎಂದರೆ ಚೌಕಗಳಲ್ಲಿರುವ 10, 15, 20ನ್ನು ಮಾತ್ರ ಗುಳುಂ ಮಾಡಬೇಕು, ಬೆನ್ನಟ್ಟುವ ಟ್ರಾಗಲ್ ಎಂಬ ಖಳರಿಂದ ತಪ್ಪಿಸಿಕೊಳ್ಳಬೇಕು. ಹೀರೋ, ವಿಲನ್, ಚೇಸಿಂಗ್, ಎಲ್ಲಾ ಇದೆ!

ಮೊದಲ ದಿನ ನಮ್ಮ ಹುಡುಗಿ ಬೆರಳು ಎಣಿಸುವಷ್ಟರಲ್ಲಿ ಮನೆಗಳೆಲ್ಲ ಕರಗಿದವು. ಅವಳು ಹೆದರಿ ನನ್ನ ಮುಖ ನೋಡಿದಳು. ಯಾರೂ ನಗಲಿಲ್ಲ. ಯಂತ್ರವಂತೂ ನಗುವುದಿಲ್ಲವಲ್ಲ! ಮತ್ತೊಮ್ಮೆ ಶುರು. ಮತ್ತೆ ಸೋಲು. ಇನ್ನೊಮ್ಮೆ. ನಾಲ್ಕನೇ ಸಲ ಅವಳೇ, “ಮಾಮ, ನೀವು ಸ್ವಲ್ಪ ಸುಮ್ನಿರಿ” ಅಂದಳು!

ಆಗ ನನಗೆ ಹೊಳೆದದ್ದು ನಮ್ಮ ಸ್ಟುಡಿಯೋ. ಡೈಲಾಗ್ ತಪ್ಪಿದರೆ ಡೈರೆಕ್ಟರ್ ‘ಕಟ್’ ಅಂತಾರೆ, ಮತ್ತೊಂದು ಟೇಕ್ ತೆಗೀತಾರೆ. ಥಿಯೇಟರಿನಲ್ಲಿ ನಾವು ಶಿಳ್ಳೆ ಹೊಡೆಯುವುದು ಓಕೆಯಾದ ಟೇಕಿಗೆ. ಕೆಟ್ಟ ಟೇಕುಗಳನ್ನು ಕಂಡವರಾರು? ಬೋರ್ಡಿನ ಮುಂದೆ ನಿಂತ ಮಗುವಿಗೆ ಮಾತ್ರ ಒಂದೇ ಟೇಕು, ಅದೂ ತುಂಬಿದ ಹೌಸಿನೆದುರು! ಈ ಆಟ ಕೊಡುವುದು ಅದನ್ನೇ, ಗುಟ್ಟಾಗಿ ತಪ್ಪು ಮಾಡುವ ಸ್ವಾತಂತ್ರ್ಯ.

ಹಾಗಂತ ಆಟವೇ ಮೇಷ್ಟ್ರು ಎಂದುಕೊಂಡರೆ ಕೆಟ್ಟಿರಿ. ಚಿಕ್ಕ ಲೆಕ್ಕಕ್ಕೆ ಅವಳ ಕೈ ಕುದುರಿತು. ಆದರೆ ನೋಟ್‌ಬುಕ್ಕಿನಲ್ಲಿ 52ರಿಂದ 17 ಕಳೆ ಎಂದರೆ 45 ಬರೆದಳು. ಎರಡರಿಂದ ಏಳು ಹೋಗುವುದಿಲ್ಲವೆಂದು, ಏಳರಿಂದ ಎರಡನ್ನೇ ಕಳೆದುಬಿಟ್ಟಿದ್ದಾಳೆ! ಧೂಮಕೇತು ತಪ್ಪು ಎಂದು ತೋರಿಸಬಲ್ಲದು, ಏಕೆ ತಪ್ಪು ಎಂದು ಹೇಳಲಾರದು. ಅದಕ್ಕೆ ಬೇಕಾಗಿದ್ದು ಬೆಂಕಿಕಡ್ಡಿ. ಹತ್ತು ಹತ್ತರ ಐದು ಕಟ್ಟು, ಬಿಡಿಯಾಗಿ ಎರಡು. ಏಳು ಕಡ್ಡಿ ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದಳು, ಏಳು ಕೊಟ್ಟಳು, ಒಂದು ಕಟ್ಟನ್ನೂ ಕೊಟ್ಟಳು. ಉಳಿದದ್ದು ಮೂರು ಕಟ್ಟು, ಐದು ಕಡ್ಡಿ. ‘ದಶಕದಿಂದ ಸಾಲ ತರೋದು’ ಅಂದರೇನೆಂದು ಆ ಹೊತ್ತು ಅವಳಿಗೆ ತಿಳಿಯಿತು.

ಅವಳೀಗ ಗಣಿತದಲ್ಲಿ ಶಕುಂತಲಾದೇವಿಯೇನೂ ಆಗಿಲ್ಲ. ಏಳರ ಮಗ್ಗಿ ಇವತ್ತಿಗೂ ಕುಂಟುತ್ತದೆ. ಆದರೆ ಬೆಳಗಿನ ಹೊಟ್ಟೆನೋವು ಹೋಗಿದೆ. ನನಗಷ್ಟೇ ಸಾಕು.

ನಿಮ್ಮ ಮನೆಯಲ್ಲೂ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇದ್ದೇ ಇರುತ್ತದೆ. ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಲೆಕ್ಕದ ಆಟಗಳು ಮೊಬೈಲಿಗೆ ಕನ್ನಡದಲ್ಲೇ, ಬಿಟ್ಟಿಯಾಗಿ ಸಿಗುತ್ತವೆ. ಟ್ರೈಲರ್ ನೋಡಿ ಮುಗಿದ ಮೇಲೆ ಆ ಮೊಬೈಲನ್ನು ಹದಿನೈದು ನಿಮಿಷ ಅವರ ಕೈಗೆ ಕೊಡಿ. ಕೊಟ್ಟು ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತಿರಿ. ಜೇಬಿನಲ್ಲೊಂದು ಬೆಂಕಿಪೊಟ್ಟಣವೂ ಇರಲಿ, ಲೆಕ್ಕಕ್ಕೆ ಮಾತ್ರ! ಮಗು ತಪ್ಪಿದಾಗ ನಗಬೇಡಿ. ‘ಇನ್ನೊಂದು ಟೇಕ್’ ಅನ್ನಿ.