ಕಾಗಾಲದಿಂದ ಹಿಮದ ಇಳಿಜಾರಿಗೆ

ಕರಾವಳಿಯವರಿಗೆ ಹಿಮವೆಂದರೆ ಮೀನಿನ ಪೆಟ್ಟಿಗೆಗೆ ತುಂಬುವ ಮಂಜುಗಡ್ಡೆ. ಅಘನಾಶಿನಿಯ ಅಳಿವೆಗೆ ಸಮೀಪದ ಕಾಗಾಲದಲ್ಲಿ ಹುಟ್ಟಿ ಬೆಳೆದವರಿಗೆ ಉಪ್ಪುನೀರು, ಗಜನಿಯ ಕೆಸರು, ಆಷಾಢದ ಮಳೆ ಇವೆಲ್ಲವೂ ದಿನನಿತ್ಯದ ಪರಿಚಯ; ಪುಷ್ಯಮಾಸದ ಮುಂಜಾನೆಗೂ ಅಲ್ಲಿ ಒಂದು ಹೊದಿಕೆ ಸಾಕು. ಅಂಥ ಊರಿನ ಒಬ್ಬ ಶಾಲಾ ಮಾಸ್ತರರ ಮನೆಯಲ್ಲಿ, ಕುಮಟೆಯ ಕಾಲೇಜಿಗೆ ಹೋಗುವ ಮಗಳು ಹಿಮದ ಮೇಲೆ ಸ್ಕೀ ಕಲಿಯಬೇಕೆಂದು ಹಟ ಹಿಡಿದರೆ, ಅದು ವಿಚಿತ್ರವೆಂದು ತೋರುವುದು ಸಹಜವೇ.

ಹುಡುಗಿಯ ಹಟಕ್ಕೆ ಒಂದು ಕಾರಣವಿತ್ತು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯು ೨೦೨೪ರಲ್ಲಿ ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕದ ಪರವಾಗಿ ಸ್ಕೀ ಓಟದ ಚಿನ್ನದ ಪದಕಗಳನ್ನು ಗೆದ್ದಳು. ಮರುವರ್ಷ ಚೀನದ ಹಾರ್ಬಿನ್ನಿನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದಳು. ಕೊಡಗಿನಲ್ಲಿಯೂ ಹಿಮ ಬೀಳುವುದಿಲ್ಲವಲ್ಲ! ಈ ವಾದಕ್ಕೆ ಮಾಸ್ತರರ ಬಳಿ ಉತ್ತರವಿರಲಿಲ್ಲ.

ಉತ್ತರವಿಲ್ಲದಿದ್ದುದು ವಾದಕ್ಕೆ ಮಾತ್ರವಲ್ಲ, ಖರ್ಚಿಗೂ ಹೌದು. ಮನೆಯಲ್ಲಿ ಕೂಡಿಟ್ಟ ಹಣವೆಂದರೆ ಗಜನಿಯ ಕಟ್ಟಿನ ರಿಪೇರಿಗೆಂದು ತೆಗೆದಿರಿಸಿದ್ದು. ಕಟ್ಟು ಒಡೆದು ಅಕಾಲದಲ್ಲಿ ಉಪ್ಪುನೀರು ನುಗ್ಗಿದರೆ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತಕ್ಕೂ ಉಳಿಗಾಲವಿಲ್ಲ. ಪ್ರವಾಸದ ಕಂಪನಿಯೊಂದು ನಾಲ್ವರಿಗೆ ವಿಮಾನ, ಹೋಟೆಲು, ಮೋಟಾರು ಎಲ್ಲ ಸೇರಿಸಿ ಕೊಟ್ಟ ಲೆಕ್ಕವು ಆ ಹಣವನ್ನು ಪೂರ್ತಿ ನುಂಗಿ ಇನ್ನಷ್ಟು ಕೇಳುವಂತಿತ್ತು. ಅದರಲ್ಲಿ ಸ್ಕೀ ಕಲಿಕೆಗೆಂದು ಇದ್ದದ್ದು ಒಂದು ಮಧ್ಯಾಹ್ನ!

ಇಲ್ಲಿಯೇ ಇರುವುದು ವಿಷಯದ ತಿರುಳು. ಹಿಮದ ನಾಡಿಗೆ ಪ್ರವಾಸಿಯಾಗಿ ಹೋಗುವುದು ದುಬಾರಿ. ವಿದ್ಯಾರ್ಥಿಯಾಗಿ ಹೋಗುವುದು ಅಷ್ಟು ದುಬಾರಿಯಲ್ಲ. ಪ್ರವಾಸಿಗಳು ಗಂಟೆಯ ಲೆಕ್ಕದಲ್ಲಿ ಹಲಗೆಗಳನ್ನು ಬಾಡಿಗೆಗೆ ಪಡೆದು, ಒಬ್ಬ ಆಳಿನ ಕೈ ಹಿಡಿದು ನಾಲ್ಕು ಮಾರು ಜಾರಿ, ಭಾವಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಮನಾಲಿಯ ಬಳಿಯ ಸೋಲಂಗಿನಲ್ಲಿ ಈ ದೃಶ್ಯ ದಿನವೂ ಕಾಣಸಿಗುತ್ತದೆ. ಹಾಗೆ ಕಳೆದ ಮೂರು ಗಂಟೆಗಳಲ್ಲಿ ಯಾರೂ ಸ್ಕೀ ಕಲಿತ ಉದಾಹರಣೆಯಿಲ್ಲ. ಆದರೆ ಅದೇ ಮನಾಲಿಯಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯೂ, ಗುಲ್ಮಾರ್ಗದಲ್ಲಿ ಕೇಂದ್ರ ಸರಕಾರದ ಪ್ರವಾಸೋದ್ಯಮ ಇಲಾಖೆಗೆ ಸೇರಿದ ಸ್ಕೀಯಿಂಗ್ ಸಂಸ್ಥೆಯೂ, ಔಲಿಯಲ್ಲಿ ಗಢವಾಲ ಮಂಡಲ ವಿಕಾಸ ನಿಗಮವೂ ಹೊಸಬರಿಗೆಂದೇ ತರಬೇತಿಯ ವರ್ಗಗಳನ್ನು ನಡೆಸುತ್ತ ಬಂದಿವೆ. ಔಲಿಯದು ಏಳು ದಿನದ್ದೂ ಉಂಟು, ಹದಿನಾಲ್ಕು ದಿನದ್ದೂ ಉಂಟು. ವಸತಿ, ಊಟ, ಹಲಗೆ, ಬೂಟು, ಶಿಕ್ಷಕ ಎಲ್ಲವೂ ಒಂದೇ ಶುಲ್ಕದೊಳಗೆ ಬರುವುದೇ ಇಂಥ ವರ್ಗಗಳ ಲಾಭ. ಶುಲ್ಕವು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನೇರವಾಗಿ ಸಂಸ್ಥೆಗೇ ಬರೆದು ಕೇಳುವುದು ಮೇಲು. ವಯಸ್ಸಿನ ಮಿತಿ, ವೈದ್ಯರ ಪ್ರಮಾಣಪತ್ರ ಇವುಗಳನ್ನೂ ಆಗಲೇ ವಿಚಾರಿಸಬೇಕು.

ಯಾವ ಊರು? ಹಿಮದ ಗುಣಕ್ಕೆ ಗುಲ್ಮಾರ್ಗವೇ ಶ್ರೇಷ್ಠವೆಂದು ಬಲ್ಲವರ ಮತ. ೨೦೨೫ರ ಜೂನ್ ತಿಂಗಳಿನಿಂದ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡುತ್ತಿರುವುದರಿಂದ ವಿಮಾನದ ಹಂಗೂ ತಪ್ಪಿದೆ. ಆದರೆ ಅದೇ ವರ್ಷದ ಏಪ್ರಿಲಿನಲ್ಲಿ ಪಹಲ್ಗಾಮದಲ್ಲಿ ನಡೆದ ಹತ್ಯೆಯ ನೆನಪು ಮನೆಯ ಹಿರಿಯರಲ್ಲಿ ಮಾಸಿರಲಿಲ್ಲ. ಅಲ್ಲದೆ ಗುಲ್ಮಾರ್ಗದ ತೂಗುತೊಟ್ಟಿಲ ದಾರಿಯಲ್ಲಿ ಸುಮಾರು ೧೩,೦೦೦ ಅಡಿಯ ಎತ್ತರಕ್ಕೆ ಏರಿ ಇಳಿಯುವುದೆಲ್ಲ ನುರಿತವರ ಆಟ. ಕಲಿಯುವವನು ಮೊದಲ ವಾರವೆಲ್ಲ ಬುಡದ ಸಣ್ಣ ಇಳಿಜಾರಿನಲ್ಲಿಯೇ ಬಿದ್ದೇಳುತ್ತಿರುತ್ತಾನೆ. ಅವನು ಮೇಲಿನ ಹಂತದ ಟಿಕೇಟಿಗೆ ಹಣ ಸುರಿಯುವುದು ವ್ಯರ್ಥ.

ಮಾಸ್ತರರ ಮನಸ್ಸು ಒಲಿದದ್ದು ಔಲಿಗೆ. ಅದಕ್ಕೆ ಅಜ್ಜಿಯ ಪಾಲೂ ಉಂಟು. ಔಲಿಯ ಬುಡದಲ್ಲಿರುವ ಜೋಶಿಮಠವು ಶಂಕರಾಚಾರ್ಯರ ಜ್ಯೋತಿರ್ಮಠ, ಬದರಿಯ ದಾರಿ ಎಂದು ಕೇಳಿದೊಡನೆ, "ಹಾಗಾದರೆ ದೇವರ ಊರೇ ಆಯಿತಲ್ಲ ತಮಾ, ಹೋಗಿಬರಲಿ ಬಿಡು" ಎಂದು ಆಕೆ ಮಗನಿಗೆ ಅಪ್ಪಣೆ ಕೊಟ್ಟುಬಿಟ್ಟಳು. ಅದೇ ದಾರಿಯಿಂದ ಕವಲೊಡೆದು ಹೋದರೆ ಸಿಗುವ ಉಖೀಮಠದಲ್ಲಿ ಚಳಿಗಾಲದ ಕೇದಾರನ ಪೂಜೆ ನಡೆಯುತ್ತದೆ. ಕೇದಾರದ ರಾವಲರು ಪರಂಪರೆಯಿಂದ ಕರ್ನಾಟಕದ ವೀರಶೈವರೇ. ಕನ್ನಡಿಗರಿಗೆ ಆ ಬೆಟ್ಟಗಳು ತೀರ ಪರಕೀಯವಲ್ಲ.

ಆದರೂ ಜೋಶಿಮಠದ ವಿಷಯದಲ್ಲಿ ಒಂದು ಎಚ್ಚರ ಬೇಕು. ೨೦೨೩ರ ಜನವರಿಯಲ್ಲಿ ಅಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು. ಪಟ್ಟಣದಿಂದ ಔಲಿಗೆ ಹೋಗುವ ತಂತಿದಾರಿಯೂ ಆಗ ನಿಂತಿತು. ಹಳೆಯ ಪುಸ್ತಕಗಳನ್ನು ನಂಬಿ ತಂತಿದಾರಿಯ ಲೆಕ್ಕ ಹಾಕದೆ, ರಸ್ತೆಯ ಜೀಪಿನ ಲೆಕ್ಕವನ್ನೇ ಹಾಕುವುದು ಲೇಸು.

ಕಾಲದ ವಿಚಾರದಲ್ಲಿ ಎಲ್ಲರೂ ಎಡವುವುದು ಡಿಸೆಂಬರಿನ ರಜೆಯಲ್ಲಿ. ಕ್ರಿಸ್ಮಸ್ಸಿನ ವಾರದಲ್ಲಿ ಕೋಣೆಯ ಬಾಡಿಗೆ ಅತಿ ಹೆಚ್ಚು, ಹಿಮ ಅತಿ ಕಡಿಮೆ. ಜನವರಿಯ ಕೊನೆಯಿಂದ ಫೆಬ್ರವರಿಯ ಕೊನೆಯವರೆಗಿನ ಕಾಲವೇ ಹೆಚ್ಚು ನಂಬಿಕೆಗೆ ಅರ್ಹ. ಪೂರ್ತಿ ನಂಬಿಕೆಗಲ್ಲ: ೨೦೨೪ರ ಜನವರಿಯಲ್ಲಿ ಗುಲ್ಮಾರ್ಗದ ಇಳಿಜಾರುಗಳೇ ತಿಂಗಳ ಕೊನೆಯವರೆಗೆ ಒಣಗಿ ಕಂದಾಗಿದ್ದವು. ಆದುದರಿಂದ ಹಿಮ ಬೀಳದಿದ್ದರೆ ಶುಲ್ಕ ಮರಳುವುದೇ, ಮುಂದಿನ ತಂಡಕ್ಕೆ ಸೇರಿಸುವರೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದಿರಬೇಕು. ಫೆಬ್ರವರಿಯೆಂದರೆ ಗಜನಿಯಲ್ಲಿ ಕಗ್ಗದ ಕೊಯಿಲು ಮುಗಿದು ಬಹುದಿನವಾಗಿರುತ್ತದೆ. ಆದರೆ ಕಾಲೇಜಿಗೆ ರಜೆಯಿಲ್ಲ. ಹಾಜರಿಯ ಲೆಕ್ಕವನ್ನು ಪ್ರಾಚಾರ್ಯರ ಮುಂದಿಟ್ಟು ಮೊದಲೇ ಒಪ್ಪಿಗೆ ಪಡೆಯುವುದು ವಿವೇಕ.

ಪ್ರಯಾಣ ದೀರ್ಘವಾದುದು. ಕುಮಟೆಯಿಂದ ಕೊಂಕಣ ರೈಲಿನಲ್ಲಿ ಮಡಗಾವಿಗೆ, ಅಲ್ಲಿಂದ ದಿಲ್ಲಿಯ ನಿಜಾಮುದ್ದೀನಿಗೆ, ಬಳಿಕ ಹರಿದ್ವಾರ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು ೨೫೦ ಕಿಲೋಮೀಟರು. ಬೆಟ್ಟದ ಬಸ್ಸುಗಳು ನಸುಕಿನಲ್ಲಿಯೇ ಹೊರಡುವುದರಿಂದ ಹಿಂದಿನ ರಾತ್ರಿ ಅಲ್ಲಿಯೇ ತಂಗಬೇಕು. ಜೋಶಿಮಠದಲ್ಲಿ ಒಂದು ದಿನ ಸುಮ್ಮನೆ ಕುಳಿತಿರುವುದೂ ಖರ್ಚಿನ ಪಟ್ಟಿಯಲ್ಲಿರಲಿ. ಸಮುದ್ರಮಟ್ಟದ ಶ್ವಾಸಕೋಶಗಳು ೯,೦೦೦ ಅಡಿಗೆ ಒಮ್ಮೆಲೇ ಒಗ್ಗುವುದಿಲ್ಲ.

ಉಡುಪಿನ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬಾರದು. ನೀರು ತಾಗದ ಮೇಲಂಗಿ, ಷರಾಯಿ ಅಲ್ಲಿಯೇ ಬಾಡಿಗೆಗೆ ದೊರೆಯುತ್ತವೆ. ಒಳಗಿನ ಉಣ್ಣೆಯ ಬಟ್ಟೆ, ಎರಡು ಮೂರು ಜೊತೆ ಉಣ್ಣೆಯ ಕಾಲುಚೀಲ, ಕೈಚೀಲ, ಕಪ್ಪು ಕನ್ನಡಕ ಇವಿಷ್ಟು ಸ್ವಂತದ್ದಿದ್ದರೆ ಸಾಕು. ಹತ್ತಿಯ ಬಟ್ಟೆ ಮಾತ್ರ ಬೇಡ. ಒಮ್ಮೆ ಒದ್ದೆಯಾದರೆ ಒಣಗದೆ ಮೈಯ ಕಾವನ್ನೆಲ್ಲ ಹೀರುತ್ತದೆ. ತೆಂಗಿನೆಣ್ಣೆಯ ಶೀಸೆ ಅಲ್ಲಿ ಕಲ್ಲಾಗುತ್ತದೆ. ಬಿರಿದ ತುಟಿಗೂ ಹಿಮ್ಮಡಿಗೂ ಮನೆಯ ಮುರುಗಲ ತುಪ್ಪಕ್ಕಿಂತ ಒಳ್ಳೆಯ ಮದ್ದನ್ನು ಯಾವ ಅಂಗಡಿಯೂ ಮಾರಲಾರದು. ಅವಲಕ್ಕಿಯ ಗಂಟೊಂದು ರೈಲಿನ ಊಟದ ಅರ್ಧ ಖರ್ಚನ್ನು ಉಳಿಸುತ್ತದೆ.

ಉಳಿಸಬಾರದ ಕಡೆಯೂ ಒಂದುಂಟು. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹಲವು ಸಾಹಸಕ್ರೀಡೆಯ ಗಾಯವನ್ನು ಹೊರಗಿಡುತ್ತವೆ. ಮೊಣಕಾಲು ಉಳುಕುವುದು ಈ ಆಟದಲ್ಲಿ ಅಪರೂಪವಲ್ಲ. ಅದಕ್ಕೆ ಬೇರೆ ವಿಮೆ ಮಾಡಿಸಬೇಕು. ಹೊರಡುವ ಎರಡು ತಿಂಗಳ ಮೊದಲಿನಿಂದ ಬಸ್ಕಿ ಹೊಡೆದು ತೊಡೆಗಳನ್ನು ಗಟ್ಟಿಮಾಡಿಕೊಳ್ಳುವುದು ಪುಕ್ಕಟೆಯ ವಿಮೆ. ಗಜನಿಯ ಜಾರುವ ಕಟ್ಟಿನ ಮೇಲೆ ಬುಟ್ಟಿ ಹೊತ್ತು ನಡೆದು ಬಲ್ಲ ಹುಡುಗಿಗೆ ಸಮತೋಲವನ್ನು ಹೊಸದಾಗಿ ಕಲಿಸಬೇಕಿಲ್ಲವೆಂದು ಅವಳ ತಾಯಿಯ ಅಭಿಮಾನ.

ಕೊನೆಗೆ ನಾಲ್ವರ ಪ್ರವಾಸ ಇಬ್ಬರದಾಯಿತು. ಮಗಳು ಏಳು ದಿನದ ವರ್ಗಕ್ಕೆ; ತಂದೆ ಜೋಶಿಮಠದವರೆಗೆ ಕಾವಲಿಗೆ. ತಾಯಿ ತಾನಾಗಿಯೇ ಹಿಂದೆ ಸರಿದಳು. ಹಿಮ ನೋಡುವ ಆಸೆ ಅವಳಿಗೂ ಇದ್ದಿತೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು, ಯಾರೂ ಆಡಲಿಲ್ಲ. ಕಟ್ಟಿನ ಹಣದಲ್ಲಿ ಒಂದು ಪಾಲು ಮಾತ್ರ ಹೊರಬಂದಿತು. ಉಳಿದದ್ದರಿಂದ ಮುಂಗಾರಿಗೆ ಮೊದಲು ಕಲ್ಲುಮಣ್ಣು ತರಿಸಬಹುದು. ರೈಲಿನ ಮುಂಗಡ ಟಿಕೇಟು ಈಗ ೬೦ ದಿನ ಮೊದಲು ಮಾತ್ರ ತೆರೆಯುತ್ತದೆ. ಡಿಸೆಂಬರಿನ ಆ ದಿನ ಬೆಳಿಗ್ಗೆ ಎಂಟಕ್ಕೆ ಮುಂಚೆಯೇ ಮಾಸ್ತರರು ಕುಮಟೆಯ ನಿಲ್ದಾಣದ ಕಿಟಕಿಯ ಮುಂದೆ ನಿಂತಿದ್ದರು.